ತಾಳಿ ಇದ್ದರೆ ಕುಬಸ, ಇಲ್ಲದಿದ್ದರೆ ಬ್ರೇಕಿಂಗ್ ನ್ಯೂಸ್

ಒಂದೇ ದಿನದ ಪೇಪರ್, ಒಂದೇ ಪುಟ. ಎರಡೂ ಸುದ್ದಿ ನಾವೇ ಕಳಿಸಿದ್ದು.

ಮೇಲೆ ಎರಡು ಕಾಲಂ ಸುದ್ದಿ: 'ಅಪ್ರಾಪ್ತೆ ಗರ್ಭಿಣಿ: ಯುವಕನ ಬಂಧನ'. ಅದರ ಕೆಳಗೆ ಒಂದು ಫೋಟೊ. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಉಡಿ ತುಂಬುವ ಕಾರ್ಯಕ್ರಮ. ಹಸಿರು ಸೀರೆ, ಹಸಿರು ಬಳೆ, ತಟ್ಟೆಯಲ್ಲಿ ಕಾಯಿ, ಬಾಳೆಹಣ್ಣು, ಶೇಂಗಾ ಉಂಡೆ. ಗರ್ಭಿಣಿಯರು ಸಾಲಾಗಿ ಕೂತಿದ್ದಾರೆ. ಹಿಂದೆ ಮೇಲ್ವಿಚಾರಕಿ, ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು ನಿಂತಿದ್ದಾರೆ.

ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಆ ಊರಿನ ಹೈಸ್ಕೂಲ್ ಮೇಷ್ಟ್ರು ಫೋನ್ ಮಾಡಿದರು. "ಎಡಗಡೆಯಿಂದ ಮೂರನೇ ಹುಡುಗಿನ್ನ ನೋಡ್ರಿ. ಹೋದ ವರ್ಷ ನಮ್ಮಲ್ಲೇ ಎಸ್ಸೆಸ್ಸೆಲ್ಸಿ ಬರದಾಳ. 17 ತುಂಬಿಲ್ಲ ಇನ್ನೂ" ಅಂದರು. ನಾವು ಪೇಪರ್ ತೆಗೆದು ನೋಡಿದೆವು. ಹಣೆ ತುಂಬ ಕುಂಕುಮ, ಕೊರಳಲ್ಲಿ ತಾಳಿ, ಕ್ಯಾಮೆರಾ ನೋಡದೆ ತಲೆ ಬಗ್ಗಿಸಿದ್ದಾಳೆ. ಮೇಲಿನ ಸುದ್ದಿಯ ಹುಡುಗಿಗೂ ಆಗ 16 ಮುಗಿದಿತ್ತಷ್ಟೆ.

ಮೇಷ್ಟ್ರು ಇನ್ನೊಂದು ಮಾತು ಕೇಳಿದರು. "ಮ್ಯಾಲಿಂದು ಕ್ರೈಮ್ ಆದ್ರ, ಕೆಳಗಿಂದು ಏನ್ರೀ?"

ಉತ್ತರ ಹೊಳೆಯಲಿಲ್ಲ. "ಪ್ರೆಸ್ ನೋಟ್ ಬಂದಿತ್ತು ಸರ್, ಹಾಕಿದ್ವಿ" ಅಂದೆವು. ಅದು ಉತ್ತರ ಅಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು.

ಊರ ಹೆಸರು ಇಲ್ಲಿ ಬರೆಯುವುದಿಲ್ಲ, ತಾಲ್ಲೂಕು ಜಿಲ್ಲೆಯ ಹೆಸರೂ ಇಲ್ಲ. ಉತ್ತರ ಕರ್ನಾಟಕದ ಕಡೆ ಅಂತ ಮಾತಿನಲ್ಲೇ ನಿಮಗೆ ಗೊತ್ತಾಗಿರುತ್ತದೆ, ಅಷ್ಟು ಸಾಕು. ಹೆಸರು ಯಾಕೆ ಬರೆಯುತ್ತಿಲ್ಲ ಎಂಬುದನ್ನು ಮುಂದೆ ಹೇಳುತ್ತೇವೆ.

ಹದಿಹರೆಯದ ಹುಡುಗಿ ಬಸುರಾದಳು ಎಂದರೆ ಊರು ಏನು ಮಾತಾಡುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆ ಮಾತನ್ನು ಊರಿಗೆ ಕಲಿಸಿದ್ದರಲ್ಲಿ ನಮ್ಮ ಪಾಲೂ ಇದೆ. ಪೇಪರಿನವರು, ಟಿವಿಯವರು, ಸೀರಿಯಲ್‌ನವರು, ಸಿನಿಮಾದವರು, ಈಗ ರೀಲ್ಸ್ ಮಾಡುವವರು ಎಲ್ಲ ಸೇರಿ ಹುಡುಗಿಯ ವಯಸ್ಸನ್ನು ಮರೆಸಿ ಕೊರಳನ್ನು ಮಾತ್ರ ತೋರಿಸಿದ್ದೇವೆ. ತಾಳಿ ಇದ್ದರೆ ಕುಬಸ (ಸೀಮಂತ ಎನ್ನುತ್ತಾರಲ್ಲ, ಅದು). ತಾಳಿ ಇಲ್ಲದಿದ್ದರೆ ಬ್ರೇಕಿಂಗ್ ನ್ಯೂಸ್.

ಸ್ವಲ್ಪ ಅಂಕಿ ಅಂಶ ನೋಡೋಣ, ಬೇಗ ಮುಗಿಸುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 5.4ರಷ್ಟು ಮಂದಿ ಆಗಲೇ ತಾಯಿಯಾಗಿದ್ದರು, ಇಲ್ಲವೇ ಗರ್ಭಿಣಿಯಾಗಿದ್ದರು. ದೇಶದ ಲೆಕ್ಕ ಶೇ 6.8. ಇದರಲ್ಲಿ 18, 19 ವರ್ಷದವರೂ ಸೇರಿದ್ದಾರೆ. ಅದೇ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳನ್ನು ಕೇಳಿದಾಗ ನಮ್ಮ ರಾಜ್ಯದ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳಿಗಿಂತ ಹೆಚ್ಚು. 2015-16ರ ಸಮೀಕ್ಷೆಯಲ್ಲಿ ಇದು ಶೇ 21.4 ಇತ್ತು. ಅಂದರೆ ಅಷ್ಟು ವರ್ಷದಲ್ಲಿ ಬಹುತೇಕ ಇದ್ದಲ್ಲೇ ಇದೆ.

ನಮ್ಮ ದೇಶದಲ್ಲಿ ಹದಿಹರೆಯದಲ್ಲಿ ತಾಯಿಯಾಗುವವರಲ್ಲಿ ಬಹುಪಾಲು ಹುಡುಗಿಯರು ಮದುವೆಯಾದವರೇ. ಆದರೆ ವರ್ಷವಿಡೀ ನಾವು ಕಳಿಸಿದ ಸುದ್ದಿಗಳನ್ನು ಗುಡ್ಡೆ ಹಾಕಿ ನೋಡಿದರೆ ಮದುವೆಯಾಗದೆ ಬಸುರಾದ ಹುಡುಗಿಯೇ ಎಲ್ಲ ಕಡೆ. ಮದುವೆಯಾದವಳ ಸುದ್ದಿ ಒಂದೂ ಇಲ್ಲ. ಅವಳು ಪುಟದಲ್ಲಿ ಬಂದರೆ ಆ ಉಡಿ ತುಂಬುವ ಫೋಟೊದಲ್ಲಿ, ಹೆಸರಿಲ್ಲದೆ, ಎಡಗಡೆಯಿಂದ ಮೂರನೆಯವಳಾಗಿ.

ಸುದ್ದಿ ಹೇಗೆ ಹುಟ್ಟುತ್ತದೆ ಎಂದು ಓದುಗರಿಗೆ ಯಾರೂ ಹೇಳುವುದಿಲ್ಲ, ನಾವು ಹೇಳುತ್ತೇವೆ. ಠಾಣೆಯಿಂದ ಎಫ್‌ಐಆರ್ ಸಿಗುತ್ತದೆ. ಸ್ಟ್ರಿಂಗರ್‌ಗೆ ಸಂಬಳ ಇಲ್ಲ, ಸುದ್ದಿಗೆ ಇಷ್ಟು ಎಂದು ಲೆಕ್ಕ. ಸಂಜೆ ಆರರೊಳಗೆ ಕಳಿಸಬೇಕು. ಹುಡುಗಿಯನ್ನು ನೋಡಿರುವುದಿಲ್ಲ, ಅವರ ಮನೆಯವರನ್ನೂ ಮಾತಾಡಿಸಿರುವುದಿಲ್ಲ. ಠಾಣೆಯ ಭಾಷೆಯನ್ನೇ ಸ್ವಲ್ಪ ಮಸಾಲೆ ಹಾಕಿ ಬರೆಯುತ್ತೇವೆ. 'ಮದುವೆಯಾಗುವುದಾಗಿ ನಂಬಿಸಿ', 'ಪುಸಲಾಯಿಸಿ', 'ಗರ್ಭಿಣಿ ಮಾಡಿ ಕೈಕೊಟ್ಟ'. ಡೆಸ್ಕ್‌ನಲ್ಲಿ ತಲೆಬರಹ ಕೊಡುವವರಿಗೆ ಒಂದು ಸಾಲು ಬೇಕು. 'ಪ್ರೀತಿಯ ಬಲೆಗೆ ಬಿದ್ದ ಬಾಲಕಿ' ಎಂದು ಕೊಡುತ್ತಾರೆ. ಜತೆಗೆ ಆ ಚಿತ್ರ, ನಿಮಗೂ ನೆನಪಿರುತ್ತದೆ: ಕತ್ತಲ ಕೋಣೆ, ಮೊಣಕಾಲಿನ ಮೇಲೆ ಮುಖ ಮುಚ್ಚಿಕೊಂಡು ಕೂತ ಹುಡುಗಿ. ಎಲ್ಲ ಪೇಪರ್‌ನಲ್ಲೂ, ಎಲ್ಲ ಚಾನೆಲ್‌ನಲ್ಲೂ ಅದೇ ಹುಡುಗಿ, ಅದೇ ಕೋಣೆ.

ಆ ಚಿತ್ರ ಒಂದು ಮಾತು ಹೇಳುತ್ತದೆ: ಇವಳು ಮುಖ ಮುಚ್ಚಿಕೊಳ್ಳಬೇಕಾದವಳು. ಮುಖ ಮುಚ್ಚಿಕೊಳ್ಳಬೇಕಾದವರು ಬೇರೆ ಯಾರೋ ಇದ್ದರು ಎಂಬುದನ್ನು ಆ ಚಿತ್ರ ಹೇಳುವುದಿಲ್ಲ.

ಈಗ ನಾವು ಮಾಡಿದ ತಪ್ಪಿಗೆ ಬರೋಣ. ಆ ಮೇಲಿನ ಸುದ್ದಿಯಲ್ಲಿ ನಾವು ಹುಡುಗಿಯ ಹೆಸರು ಹಾಕಿರಲಿಲ್ಲ. ಕಾನೂನು ಪಾಲಿಸಿದ್ದೇವೆ ಎಂದೇ ಅಂದುಕೊಂಡಿದ್ದೆವು. ಆದರೆ ಊರ ಹೆಸರು ಹಾಕಿದ್ದೆವು. ಎಷ್ಟನೇ ಕ್ಲಾಸು ಎಂದು ಹಾಕಿದ್ದೆವು. ತಂದೆ ತಾಯಿ ಗೋವಾಕ್ಕೆ ಗಾರೆ ಕೆಲಸಕ್ಕೆ ಹೋಗಿದ್ದರು, ಹುಡುಗಿ ಅಜ್ಜಿ ಮನೆಯಲ್ಲಿದ್ದಳು ಎಂದು ಹಾಕಿದ್ದೆವು. ಹುಡುಗನ ಹೆಸರು, ಅವನ ಅಪ್ಪನ ಹೆಸರು, ವಯಸ್ಸು ಎಲ್ಲ ಇತ್ತು. ಇನ್ನೂರು ಮನೆಯ ಊರು. ಮಧ್ಯಾಹ್ನದೊಳಗೆ ಪೇಪರ್ ಕಟಿಂಗ್ ಊರಿನ ವಾಟ್ಸಾಪ್ ಗ್ರೂಪಿಗೆ ಬಿತ್ತು. ಕೆಳಗೆ ಯಾರೋ 'ಯಾರ ಮನಿ ಅಂತ ಗೊತ್ತಾತಲ್ಲ' ಎಂದು ಬರೆದು ಕೈಮುಗಿಯುವ ಇಮೋಜಿ ಹಾಕಿದ್ದರು. ಆ ಗ್ರೂಪಿನಲ್ಲಿ ಹುಡುಗಿಯ ಚಿಕ್ಕಪ್ಪನೂ ಇದ್ದ.

ನಾಲ್ಕು ತಿಂಗಳ ಮೇಲೆ ಕುಡಿಯುವ ನೀರಿನ ಸುದ್ದಿಗೆಂದು ಅದೇ ಊರಿಗೆ ಹೋದೆವು. ಆ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಅಜ್ಜಿ ಕಟ್ಟೆ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ನಾವು ಪೇಪರಿನವರು ಎಂದು ಗೊತ್ತಿಲ್ಲದೆ ಹೇಳಿದರು. "ಏನ್ ಮಾಡ್ಯಾರ ತಮ್ಮಾ, ಪೇಪರ್‌ದಾಗ ಬಂದ ಮ್ಯಾಲೆ ಊರಾಗ ಇರಾಕ ಆಗ್ತೈತೇನು? ಎಲ್ಲಾರೂ ದುಡಿಯಾಕ ಹೋದ್ರು. ಸಣ್ಣಾಕಿನ್ನೂ ಸಾಲಿ ಬಿಡಿಸಿ ಕರಕೊಂಡು ಹೋದ್ರು. ಆಕಿಗೂ ಎಲ್ಲೋ ಗಂಡು ನೋಡ್ಯಾರಂತ."

ಸಣ್ಣಾಕಿ ಎಂಟನೇ ಕ್ಲಾಸಿನಲ್ಲಿದ್ದಳು. ನಮ್ಮ ಸುದ್ದಿಯಲ್ಲಿ ಆಕೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಅದರ 23ನೇ ಕಲಂ ನಮ್ಮಂಥವರಿಗೇ ಬರೆದದ್ದು. ಮಗುವಿನ ಹೆಸರು ಮಾತ್ರ ಅಲ್ಲ, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ಓಣಿ, ಗುರುತು ಸಿಗುವ ಯಾವುದನ್ನೂ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಇದನ್ನೇ ಇನ್ನೂ ಬಿಡಿಸಿ ಹೇಳಿತು: ದೂರದಿಂದಲೂ ಗುರುತು ಹಿಡಿಯಲು ಸಹಾಯವಾಗುವ ವಿವರ ಕೂಡ ಬೇಡ. ನಾವು ಡಿಪ್ಲೊಮಾದಲ್ಲಿ ಮಾಧ್ಯಮ ಕಾನೂನು ಓದಿ, ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡವರು. ಬೆಂಗಳೂರಿನಲ್ಲಿ ಕೂತು ಓದುವವರಿಗೆ ಊರ ಹೆಸರು ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಆದರೆ ಆ ಊರಲ್ಲೇ ಓದುವವರಿಗೆ ಬೇರೇನೂ ಬೇಕಾಗಿಲ್ಲ. ಹಳ್ಳಿಯಲ್ಲಿ ಊರು ಎಂದರೆ ಹೆಸರೇ.

ಅದೇ ಲೆಕ್ಕ ಹಿಡಿದರೆ ಕೆಳಗಿನ ಫೋಟೊ? 18ರೊಳಗಿನ ಹೆಂಡತಿ ಎಂಬ ರಿಯಾಯಿತಿ ಪೋಕ್ಸೊದಲ್ಲಿ ಇಲ್ಲ. ಹಳೆಯ ದಂಡ ಸಂಹಿತೆಯಲ್ಲಿದ್ದ ರಿಯಾಯಿತಿಯನ್ನೂ ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ವಯಸ್ಸು 18 ಎಂದೇ ಇದೆ. ಕರ್ನಾಟಕವಂತೂ ಬಾಲ್ಯವಿವಾಹ ಕಾಯ್ದೆಗೆ ತಿದ್ದುಪಡಿ ತಂದು ಅಂಥ ಮದುವೆ ಮೊದಲ ದಿನದಿಂದಲೇ ಅಸಿಂಧು ಎಂದು ಮಾಡಿತು. 2017ರ ಆ ತೀರ್ಪಿನಲ್ಲೇ ಬೇರೆ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿಯುವುದು ಒಳ್ಳೆಯದು ಎಂಬ ಮಾತು ಬಂತು. ಅಂದರೆ ಕಾನೂನಿನ ಕಣ್ಣಿಗೆ ಮೇಲಿನ ಹುಡುಗಿಯೂ ಕೆಳಗಿನ ಹುಡುಗಿಯೂ ಒಂದೇ. ನಾವು ಒಬ್ಬಳ ಊರು ಹಾಕಿದೆವು, ಇನ್ನೊಬ್ಬಳ ಮುಖವನ್ನೇ ಹಾಕಿದೆವು.

ಮೈಗೂ ತಾಳಿಯ ಲೆಕ್ಕ ಗೊತ್ತಿಲ್ಲ. ಸಣ್ಣ ವಯಸ್ಸಿನ ತಾಯಂದಿರಲ್ಲಿ ಬಿ.ಪಿ. ಏರಿ ಫಿಟ್ಸ್ ಬರುವ ಅಪಾಯ 20 ದಾಟಿದವರಿಗಿಂತ ಹೆಚ್ಚು, ಹೆರಿಗೆಯ ನಂತರ ಸೋಂಕೂ ಹೆಚ್ಚು, ತೂಕ ಕಡಿಮೆಯ ಕೂಸು, ದಿನ ತುಂಬದ ಕೂಸು ಹುಟ್ಟುವುದೂ ಹೆಚ್ಚು. ನಮ್ಮ ರಾಜ್ಯದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು ಅರ್ಧ ಮಂದಿಗೆ ಮೊದಲೇ ರಕ್ತ ಕಡಿಮೆ. ಕುಬಸದ ಸ್ಟೇಟಸ್‌ಗೆ ಹಾರ್ಟ್ ಒತ್ತುವಾಗ ಇದು ಯಾರಿಗೂ ನೆನಪಾಗುವುದಿಲ್ಲ. ಯಾಕೆಂದರೆ ನಾವು ಯಾರೂ ಅದನ್ನು ಬರೆದಿಲ್ಲ.

ಇನ್ನು ಸುದ್ದಿ ಓದಿದವರು ಏನು ಮಾಡುತ್ತಾರೆ ಎಂಬುದು. ನಮಗೆ ಇದು ಹೊಟ್ಟೆಗೆ ಇಳಿದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಚಹಾದ ಅಂಗಡಿಯಲ್ಲಿ. ವಸತಿ ಶಾಲೆಯಲ್ಲಿ ಓದುವ ಹುಡುಗಿಗೆ ಹೆರಿಗೆಯಾದ ಸುದ್ದಿ ಕಳೆದ ಕೆಲವು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಜಿಲ್ಲೆಗಳಿಂದ ಬಂದಿದೆ. ಒಂದೊಂದನ್ನೂ ಚಾನೆಲ್‌ಗಳು ದಿನಗಟ್ಟಲೆ ಓಡಿಸಿದವು. ಅಂಥ ಒಂದು ಸುದ್ದಿ ಓಡುತ್ತಿದ್ದ ವಾರ ಪರಿಚಯದ ರೈತರೊಬ್ಬರು ಚಹಾ ಕುಡಿಸುತ್ತಾ ಹೇಳಿದರು. "ಸರ, ಭಾಳ ಛಲೋ ಆತು ನೋಡ್ರಿ ನೀವು ತೋರಿಸಿದ್ದು. ನಮ್ಮ ಹುಡುಗಿನ್ನ ಹಾಸ್ಟೆಲ್ ಬಿಡಿಸಿ ಕರಕೊಂಡು ಬಂದೆ. ಮೊಬೈಲ್ ಕಸಗೊಂಡೆ. ಚೈತ್ರದಾಗ ಲಗ್ನ ಮಾಡಿಬಿಡ್ತೀನಿ, ನನಗೂ ನೆದರು ತಪ್ತದ."

ಹುಡುಗಿ ಒಂಬತ್ತನೇ ಕ್ಲಾಸು. ಅವರು ನಮಗೆ ಧನ್ಯವಾದ ಹೇಳುತ್ತಿದ್ದರು.

ಹದಿಹರೆಯದ ಬಸಿರಿನ ಸುದ್ದಿ ಓದಿ ಹೆದರಿದ ಅಪ್ಪ ಹದಿಹರೆಯದಲ್ಲೇ ಮಗಳ ಮದುವೆ ಮಾಡುತ್ತಾನೆ. ಒಂದು ವರ್ಷದೊಳಗೆ ಆ ಹುಡುಗಿಯೂ ಬಸುರಾಗುತ್ತಾಳೆ. ಆಗ ಸುದ್ದಿ ಇಲ್ಲ, ಕುಬಸ ಇದೆ. ಹೆದರಿಸಿದ್ದು ನಾವು, ಆದರೆ ಯಾವುದಕ್ಕೆ ಹೆದರಬೇಕು ಎಂದು ಸರಿಯಾಗಿ ಹೇಳಲಿಲ್ಲ. ಸಣ್ಣ ವಯಸ್ಸಿನ ಬಸಿರಿಗೆ ಹೆದರಬೇಕಿದ್ದವರು ಮದುವೆಗೆ ಮೊದಲಿನ ಬಸಿರಿಗೆ ಮಾತ್ರ ಹೆದರಿದರು. ಅವರನ್ನು ಬೈದು ಏನು ಪ್ರಯೋಜನ? ಅವರು ನಮ್ಮ ಸುದ್ದಿಯನ್ನು ನಾವು ಬರೆದ ಹಾಗೆಯೇ ಓದಿದ್ದಾರೆ.

(ಅವರ ಹುಡುಗಿಯ ವಿಷಯ ನಾವು ಸುಮ್ಮನೆ ಬಿಡಲಿಲ್ಲ. ಶಾಲೆಯವರಿಗೆ ಹೇಳಿದೆವು. ಚೈತ್ರದ ಲಗ್ನ ಆಗಲಿಲ್ಲ. ಆ ರೈತರು ಈಗ ನಮಗೆ ಚಹಾ ಕುಡಿಸುವುದಿಲ್ಲ.)

ಸೀರಿಯಲ್ ವಿಷಯಕ್ಕೆ ಬಂದರೆ, 'ಪುಟ್ಟಗೌರಿ ಮದುವೆ' ಯಾರು ನೋಡಿಲ್ಲ? ಹಿಂದಿಯ 'ಬಾಲಿಕಾ ವಧು' 2008ರಲ್ಲಿ ಶುರುವಾಯಿತು. ರಾಜಸ್ಥಾನದ ಬಾಲ್ಯವಿವಾಹ ತಪ್ಪು ಎಂದು ಹೇಳುವುದಕ್ಕೇ ಮಾಡಿದ ಕಥೆ. ಅದೇ ಕನ್ನಡದಲ್ಲಿ 'ಪುಟ್ಟಗೌರಿ' ಆಗಿ ಬಂತು. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಓಣಿಯ ಅಕ್ಕಂದಿರಿಗೆ ಏನು ನೆನಪಿದೆ ಎಂದು ಕೇಳಿದೆವು. ಲಂಗ, ಜಡೆ, ಬಳೆ, ಆ ಮುದ್ದು ಮಾತು. "ಎಷ್ಟು ಚಂದ ಇದ್ಲಲ್ರೀ ಆ ಕೂಸು" ಅಂದರು. ಕೂಸಿಗೆ ಮದುವೆ ಮಾಡಬಾರದು ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ನಾವು ಕೇಳಿದ್ದು ಐದಾರು ಮಂದಿಯನ್ನು, ಅದನ್ನೇ ದೊಡ್ಡ ಸಮೀಕ್ಷೆ ಎನ್ನುವುದಿಲ್ಲ. ಆದರೂ ವರ್ಷಗಟ್ಟಲೆ ದಿನಾ ರಾತ್ರಿ ಬಾಲವಧುವನ್ನು ಅಷ್ಟು ಚಂದವಾಗಿ ಸಿಂಗರಿಸಿ ತೋರಿಸಿದರೆ ಸಿಂಗಾರವೇ ಉಳಿಯುತ್ತದೆ ಅನಿಸುತ್ತದೆ.

ಸೀರಿಯಲ್‌ಗಳಲ್ಲಿ ಬಸಿರು ಹೇಗೆ ಗೊತ್ತಾಗುತ್ತದೆ, ನೋಡಿ. ಸೊಸೆ ತಲೆ ತಿರುಗಿ ಬೀಳುತ್ತಾಳೆ. ಮನೆಯ ಹಿರಿಯರು ನಾಡಿ ಹಿಡಿದು ನಗುತ್ತಾರೆ. ಎಲ್ಲರಿಗೂ ಸಿಹಿ. ಆ ಸೊಸೆ ಓದುತ್ತಿದ್ದಳೇ, ಅವಳಿಗೆ ವಯಸ್ಸೆಷ್ಟು, ರಕ್ತ ಎಷ್ಟಿದೆ, ಅವಳಿಗೆ ಈಗ ಮಗು ಬೇಕಿತ್ತೇ, ಯಾರೂ ಕೇಳುವುದಿಲ್ಲ. ತಾಯಿ ಕಾರ್ಡ್ ಮಾಡಿಸಿದ ಸೀರಿಯಲ್ ಸೊಸೆಯನ್ನು ನಾವು ಇನ್ನೂ ನೋಡಿಲ್ಲ. ಅದೇ ಕಥೆಯಲ್ಲಿ ಮದುವೆಯಾಗದವಳು ತಲೆ ತಿರುಗಿ ಬಿದ್ದರೆ ಸಿಡಿಲಿನ ಶಬ್ದ, ಎಲ್ಲರ ಮುಖವೂ ಮೂರು ಮೂರು ಸಲ.

ಸಿನಿಮಾದಲ್ಲಿ ಇನ್ನೊಂದು ತರಹ. 2007ರ 'ಚೆಲುವಿನ ಚಿತ್ತಾರ' ನಮ್ಮ ವಯಸ್ಸಿನವರಿಗೆಲ್ಲ ಬಾಯಿಪಾಠ. ತಮಿಳಿನ 'ಕಾದಲ್' ರಿಮೇಕ್. ಶಾಲೆಗೆ ಹೋಗುವ ಹುಡುಗಿ, ಗ್ಯಾರೇಜ್ ಹುಡುಗ, ಇಬ್ಬರೂ ಓಡಿಹೋಗುತ್ತಾರೆ. ನಾಯಕಿಯಾಗಿದ್ದ ಅಮೂಲ್ಯ ಆಗ ತಾವೂ ಸ್ಕೂಲ್ ವಯಸ್ಸಿನವರೇ. ನಾವು ಆ ಸಿನಿಮಾ ನೋಡಿ ಅತ್ತಿದ್ದೇವೆ, ಸುಳ್ಳು ಹೇಳುವುದಿಲ್ಲ. ಆದರೆ ಅತ್ತದ್ದು ಯಾರಿಗೆ? ಹುಚ್ಚನಾದ ಹುಡುಗನಿಗೆ. ಯೂನಿಫಾರಂ ಹಾಕಿದ ಹುಡುಗಿ ಪ್ರೀತಿಗೆ ಪೂರ್ತಿ ತಯಾರಾದ ಹೆಣ್ಣು ಎಂದು ನಾವೆಲ್ಲ ಒಪ್ಪಿಕೊಂಡೇ ಥಿಯೇಟರಿನಿಂದ ಹೊರಬಂದೆವು. ಹುಡುಗಿಯ ವಯಸ್ಸಿನ ಬಗ್ಗೆ ಯಾರಿಗೂ ಪ್ರಶ್ನೆಯೇ ಬರಲಿಲ್ಲ. ಅಪ್ಪ ಅಮ್ಮನಿಗೂ ಮಗಳ ವಯಸ್ಸಿಗಿಂತ ಹುಡುಗನ ಜಾತಿಯದ್ದೇ ಚಿಂತೆ. ಊರಲ್ಲೂ ಹಾಗೇ ಅಲ್ಲವೇ? ಹುಡುಗ ನಮ್ಮವನಾದರೆ ಲಗ್ನ, ಬೇರೆಯವನಾದರೆ ಕೇಸು. ಎರಡರಲ್ಲೂ ಹುಡುಗಿಯನ್ನು ಕೇಳುವವರಿಲ್ಲ.

ಬೇರೆ ತರಹವೂ ತೋರಿಸಬಹುದು. ಅನಂತಮೂರ್ತಿಯವರ ಕಥೆ ಆಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ 'ಘಟಶ್ರಾದ್ಧ' ಇದೆಯಲ್ಲ, ರಾಷ್ಟ್ರಪ್ರಶಸ್ತಿಯಲ್ಲಿ ಸ್ವರ್ಣಕಮಲ ಪಡೆದದ್ದು. ಅದರಲ್ಲಿ ಬಸುರಾದವಳು ಒಬ್ಬ ಎಳೆಯ ವಿಧವೆ, ಯಮುನಕ್ಕ. ಕಾಲ, ಜಾತಿ, ಊರು ಎಲ್ಲ ಬೇರೆ, ಅವಳ ಕಥೆ ನಮ್ಮ ಹುಡುಗಿಯರದಲ್ಲ. ಆದರೆ ಸಿನಿಮಾ ಅವಳ ಹೊಟ್ಟೆಯ ಮೇಲೆ ಕಣ್ಣು ನೆಟ್ಟು ಕೂರುವುದಿಲ್ಲ. ನಾಣಿ ಎಂಬ ಸಣ್ಣ ಹುಡುಗನ ಕಣ್ಣಿನಿಂದ ಅವಳ ಸುತ್ತ ಇದ್ದವರು ಹೇಗೆ ನಡೆದುಕೊಂಡರು ಎಂದು ತೋರಿಸುತ್ತದೆ. ಯೂಟ್ಯೂಬ್ ಯುಗದವರಿಗೆ ನಿಧಾನ ಅನಿಸಬಹುದು. ಸಿಕ್ಕರೆ ನೋಡಿ.

ಟಿವಿ ನೋಡಿ ಯಾರ ಬುದ್ಧಿ ಬದಲಾಗುತ್ತದೆ ಬಿಡಿ ಎನ್ನುವವರಿಗೆ ಎರಡು ಉದಾಹರಣೆ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ದೇಶದ ಹಳ್ಳಿಗಳಿಗೆ ಕೇಬಲ್ ಟಿವಿ ಬಂದಾಗ ಏನಾಯಿತು ಎಂದು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಕೇಬಲ್ ಬಂದ ಹಳ್ಳಿಗಳಲ್ಲಿ ಗಂಡ ಹೊಡೆಯುವುದು ಸರಿ ಎನ್ನುವ ಹೆಂಗಸರು ಕಡಿಮೆಯಾದರು, ಗಂಡು ಮಗುವೇ ಬೇಕು ಎನ್ನುವುದೂ ಇಳಿಯಿತು. ಅಮೆರಿಕದಲ್ಲಿ 2009ರಲ್ಲಿ ಎಂಟಿವಿ ಚಾನೆಲ್ '16 ಅಂಡ್ ಪ್ರೆಗ್ನೆಂಟ್' ಎಂಬ ಕಾರ್ಯಕ್ರಮ ಶುರು ಮಾಡಿತು. ಬಸುರಾದ ಹುಡುಗಿಯರ ದಿನನಿತ್ಯದ ಪಾಡು, ನಿದ್ದೆಗೆಟ್ಟ ರಾತ್ರಿ, ಬಿಟ್ಟುಹೋದ ಹುಡುಗ, ನಿಂತುಹೋದ ಓದು. ಅದು ಬಂದ ಮೇಲೆ ಹದಿಹರೆಯದ ಹೆರಿಗೆ ಶೇ 4.3ರಷ್ಟು ಇಳಿಯಿತು ಎಂದು ಕೀರ್ನಿ ಮತ್ತು ಲೆವೀನ್ ಎಂಬಿಬ್ಬರು ಲೆಕ್ಕ ಹಾಕಿದರು. ಆ ಲೆಕ್ಕ ಸರಿಯಿಲ್ಲ ಎಂದು ವಾದಿಸಿದ ಪಂಡಿತರೂ ಇದ್ದಾರೆ. ಅಂಥ ಕಾರ್ಯಕ್ರಮ ನಮಗೆ ಬೇಕು ಎನ್ನುತ್ತಿಲ್ಲ. ಇಲ್ಲಿ ಹುಡುಗಿಯ ಮುಖ ತೋರಿಸಿದರೆ ಅವಳ ಬದುಕು ಅಲ್ಲಿಗೇ ನಿಲ್ಲುತ್ತದೆ. ಹೆದರಿಸುವುದು ಬೇರೆ, ಪಾಡು ಗೊತ್ತುಮಾಡಿಸುವುದು ಬೇರೆ ಎಂಬುದಕ್ಕೆ ಹೇಳಿದೆವು.

ಇಲ್ಲಿ ನಮ್ಮ ಗೆಳೆಯರೇ ಜಗಳ ತೆಗೆಯುತ್ತಾರೆ. ಹಾಗಾದರೆ ಬರೆಯುವುದೇ ಬೇಡವೇ? ಬರೆಯದಿದ್ದರೆ ವಾರ್ಡನ್ ತಪ್ಪಿಸಿಕೊಳ್ಳುತ್ತಾರೆ, ಮಾವನೋ ಮಾಸ್ತರನೋ ತಪ್ಪಿಸಿಕೊಳ್ಳುತ್ತಾನೆ, ಠಾಣೆಯಲ್ಲಿ ರಾಜಿ ಪಂಚಾಯಿತಿ ನಡೆಯುತ್ತದೆ. ಈ ಮಾತು ನಿಜ. ನಾವೂ ಅಂಥ ರಾಜಿ ನೋಡಿದ್ದೇವೆ. ಕೆಡಿಸಿದವನಿಗೇ ಕಟ್ಟಿಬಿಡಿ ಎಂದು ಹಿರಿಯರು ಕೂತು ತೀರ್ಮಾನ ಮಾಡಿದ್ದನ್ನು 'ಸುಖಾಂತ್ಯ' ಎಂದು ಬರೆದ ಸುದ್ದಿಯನ್ನೂ ಓದಿದ್ದೇವೆ. ಸುಖ ಯಾರದೋ ಗೊತ್ತಿಲ್ಲ. ಬರೆಯಲೇಬೇಕು. ಹಾಸ್ಟೆಲ್‌ನಲ್ಲಿ ತಿಂಗಳ ಆರೋಗ್ಯ ತಪಾಸಣೆ ನಡೆದಿತ್ತೇ, ಒಂಬತ್ತು ತಿಂಗಳು ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ, ಹುಡುಗಿ ಯಾರಿಗಾದರೂ ಹೇಳಿಕೊಳ್ಳುವ ಹಾಗೆ ಅಲ್ಲಿ ಯಾರಾದರೂ ಇದ್ದರೇ, ಇದನ್ನೆಲ್ಲ ಕೇಳಲು ಹುಡುಗಿಯ ಊರು, ಕ್ಲಾಸು, ಅಜ್ಜಿ ಮನೆ ಯಾವುದೂ ಬೇಕಾಗಿಲ್ಲ. ಜವಾಬ್ದಾರಿ ಇದ್ದ ಅಧಿಕಾರಿಯನ್ನು ಕೇಳಿದರೆ ಸಾಕು.

ಹುಡುಗನ ವಿಷಯವೂ ಇದೆ. 40 ವರ್ಷದ ಸಂಬಂಧಿಕ ಮಾಡಿದ ಅತ್ಯಾಚಾರಕ್ಕೂ, 17ರ ಹುಡುಗಿ 19ರ ಹುಡುಗ ಒಬ್ಬರನ್ನೊಬ್ಬರು ಇಷ್ಟಪಟ್ಟದ್ದಕ್ಕೂ ನಾವು ಒಂದೇ ತಲೆಬರಹ ಕೊಡುತ್ತೇವೆ. ಕಾನೂನಿನಲ್ಲಿ ಎರಡೂ ಪೋಕ್ಸೊ. ಆದರೆ ಓದುವ ಹುಡುಗಿಯರಿಗೆ ವ್ಯತ್ಯಾಸ ಗೊತ್ತಾಗಬೇಕಲ್ಲ. ಎರಡನ್ನೂ 'ಪ್ರೇಮ ಪ್ರಕರಣ' ಎಂದರೆ ಮೊದಲನೆಯವನು ಬಚಾವ್, ಎರಡನ್ನೂ 'ಕಾಮುಕ' ಎಂದರೆ ಎರಡನೆಯವನ ಬದುಕು ಹಾಳು.

ಆಶಾ ಕಾರ್ಯಕರ್ತೆಯೊಬ್ಬರು ನಮಗೆ ಹೇಳಿದ್ದು ಇನ್ನೊಂದು. "ಅಣ್ಣಾರ, ನಿಮ್ಮ ಸುದ್ದಿ ಬಂದ ವಾರ ನಮಗ ಕೆಲಸ ಭಾಳ ತ್ರಾಸ ಆಗ್ತದ. ಸಣ್ಣ ವಯಸ್ಸಿನ ಬಸುರಿಯರು ಮನಿ ಬಾಗ್ಲಾ ತಗಿಯಂಗಿಲ್ಲ. ಕಾರ್ಡ್ ಮಾಡಿಸಿದ್ರ ಪೊಲೀಸ್ರು ಬರ್ತಾರ, ಪೇಪರ್‌ನ್ಯಾರು ಬರ್ತಾರ ಅಂತ ಹೆದರ್ತಾರ." ವಯಸ್ಸು 18ರೊಳಗೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸಬೇಕಾದದ್ದು ಕಾನೂನು, ಆಸ್ಪತ್ರೆಯವರ ಕೈಯಲ್ಲಿ ಏನಿಲ್ಲ. ಹಾಗಾಗಿ ಮನೆಯವರು ವಯಸ್ಸು 19 ಎನ್ನುತ್ತಾರೆ, ಇಲ್ಲವೇ ಆಸ್ಪತ್ರೆಗೇ ಹೋಗುವುದಿಲ್ಲ. ರಕ್ತ ಕಡಿಮೆ ಇರುವ ಹುಡುಗಿ ಒಂದು ಕಬ್ಬಿಣದ ಮಾತ್ರೆಯೂ ಸಿಗದೆ ಒಳಕೋಣೆಯಲ್ಲಿ ಉಳಿಯುತ್ತಾಳೆ. ಪೊಲೀಸರ ಹೆದರಿಕೆಯನ್ನು ನಾವು ತೆಗೆಯಲಾರೆವು. ಪೇಪರಿನ ಹೆದರಿಕೆಯನ್ನು ತೆಗೆಯಬಹುದು.

ಆ ಹುಡುಗಿಗೆ ಉಪಯೋಗಕ್ಕೆ ಬರುವ ಒಂದು ಸಾಲೂ ನಮ್ಮ ಸುದ್ದಿಯಲ್ಲಿ ಇರುವುದಿಲ್ಲ. 1098 ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ. 2021ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನ ಹುಡುಗಿಗೆ 24 ವಾರದವರೆಗೆ ಕಾನೂನುಬದ್ಧವಾಗಿ ಗರ್ಭಪಾತಕ್ಕೆ ಅವಕಾಶ ಇದೆ. ಪೋಷಕರ ಲಿಖಿತ ಒಪ್ಪಿಗೆ ಬೇಕು, 20 ವಾರ ದಾಟಿದರೆ ಇಬ್ಬರು ವೈದ್ಯರು ನೋಡಬೇಕು. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಹೆಸರು, ವಿವರ ಬರೆಯಬೇಕಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ನೀವು ಎಷ್ಟು ಸುದ್ದಿಯ ಕೊನೆಯಲ್ಲಿ ಓದಿದ್ದೀರಿ? ರೈತ ಆತ್ಮಹತ್ಯೆಯ ಸುದ್ದಿಯ ಕೆಳಗೆ ಸಹಾಯವಾಣಿ ನಂಬರ್ ಹಾಕಲು ಕಲಿತಿದ್ದೇವೆ. ಇಲ್ಲಿ ಹಾಕಲು ಜಾಗ ಇಲ್ಲ ಎನ್ನುತ್ತೇವೆ.

ಉಡಿ ತುಂಬುವ ಫೋಟೊಗಳನ್ನು ನಾವು ಈಗಲೂ ಕಳಿಸುತ್ತೇವೆ, ಪ್ರೆಸ್ ನೋಟ್ ಬರುತ್ತಲೇ ಇರುತ್ತದೆ. ತಟ್ಟೆ, ಬಳೆ, ಕೈಗಳು ಕಾಣುವ ಹಾಗೆ ತೆಗೆಯುತ್ತೇವೆ. ಹಿಂದೆ ನಿಂತ ಸದಸ್ಯರಿಗೆ ತಮ್ಮ ಮುಖ ಬರಲಿಲ್ಲ ಎಂದು ಸಿಟ್ಟು.

ಕಳೆದ ವರ್ಷ ಆ ಮೇಷ್ಟ್ರ ಜತೆ ಒಂದು ಭಾನುವಾರ ಕೂತಿದ್ದೆವು. ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಪ್ರತಿ ಹುಡುಗಿಯ ಹೆಸರು, ಮುಂದೆ ಒಂದು ಪದ. ಪಿಯು. ಐಟಿಐ. ಗಾರ್ಮೆಂಟ್ಸ್. ಮದುವೆ. ಇನ್ನೊಂದು ಮದುವೆ. ಯಾವ ಹುಡುಗಿಯ ಹೆಸರೂ ಇಲ್ಲದೆ, ಊರೂ ಇಲ್ಲದೆ, ಹತ್ತನೇ ಕ್ಲಾಸಿನ ನಂತರ ಹುಡುಗಿಯರು ಎಲ್ಲಿ ಹೋಗುತ್ತಾರೆ ಎಂದು ಒಂದು ಸುದ್ದಿ ಬರೆದೆವು. ಡೆಸ್ಕ್‌ನಿಂದ ಫೋನ್ ಬಂತು. "ಎಲ್ಲ ಸರಿ, ಇದರಲ್ಲಿ ಘಟನೆ ಏನಿದೆ ಇವರೇ?" ಒಂಬತ್ತು ದಿನ ಬಿಟ್ಟು ಒಳಪುಟದಲ್ಲಿ ಬಂತು, ಅರ್ಧಕ್ಕೆ ಕತ್ತರಿಸಿ. ಒಂದೇ ಒಂದು ವಾಟ್ಸಾಪ್ ಗ್ರೂಪಿನಲ್ಲೂ ಓಡಲಿಲ್ಲ.

ಎಡಗಡೆಯಿಂದ ಮೂರನೆಯವಳು ಮೊನ್ನೆ ಕೂಸು ಎತ್ತಿಕೊಂಡು ಶಾಲೆಗೆ ಬಂದಿದ್ದಳಂತೆ, ಟಿಸಿ ಕೇಳಲು. ಖಾಸಗಿಯಾಗಿ ಪಿಯುಸಿ ಕಟ್ಟಬಹುದೇ ಸರ್ ಎಂದು ಕೇಳಿದಳಂತೆ. ಅತ್ತೆ ಒಪ್ಪಿದ್ದಾರೆ, ಗಂಡ ಇನ್ನೂ ಏನೂ ಹೇಳಿಲ್ಲ. ಮೇಷ್ಟ್ರು ಫಾರ್ಮ್ ತರಿಸುತ್ತೇನೆ ಎಂದಿದ್ದಾರೆ. ಸುದ್ದಿ ಮಾಡೋಣವೇ ಎಂದು ನಾವು ಕೇಳಿದಾಗ, "ಪರೀಕ್ಷೆ ಬರೀಲಿ ಮೊದ್ಲ, ಸುಮ್ನಿರ್ರೀ" ಅಂದರು.